ಮಳೇಲೂ ಮಕ್ಕಳನ್ನ ಮನೆಯಿಂದ ಹೊರಗೆ ಎಳ್ಯೋದು ಹೇಗೆ ಅಂತ ಕೇಳಿದ್ರಲ್ಲ

ಅಕ್ಕಾ ಅಂತ ಕರ್ದು ಕೇಳಿದೀರ, ಸ್ವಲ್ಪ ಉದ್ದ ಆದ್ರೂ ಓದ್ಕೊಳ್ಳಿ. ದಾವಣಗೆರೆಯಿಂದ ಅಮೆರಿಕದ ಸಿಯಾಟಲ್ ಪಕ್ಕದ ರೆಡ್ಮಂಡ್‌ಗೆ ಬಂದು ಎರಡು ತಿಂಗಳು, ನಾಲ್ಕು ವರ್ಷದ್ದೊಂದು ಏಳು ವರ್ಷದ್ದೊಂದು ಮಕ್ಕಳು, ಯಾವಾಗ ನೋಡಿದ್ರೂ ಮಳೆ, ವೀಕೆಂಡ್ ಅಂದ್ರೆ ಕಾಸ್ಟ್ಕೋ ಬಿಟ್ರೆ ಇಂಡಿಯನ್ ಸ್ಟೋರ್, ಉಳಿದ ಹೊತ್ತೆಲ್ಲ ಟ್ಯಾಬ್ಲೆಟ್, ಇಲ್ಲಿ ಜನ ಮಕ್ಕಳ ಜೊತೆ ಏನ್ ಮಾಡ್ತಾರೆ ಅಂತ ತಾನೆ? ಹನ್ನೆರಡು ವರ್ಷದ ಹಿಂದೆ ಹಾಸನದಿಂದ ಬಂದಾಗ ನಮ್ದೂ ಇದೇ ಕಥೆ. ಎಲ್ರೂ ಹೈಕಿಂಗ್ ಹೋಗಿ ಅಂತಿದ್ರು. ಬರೀ ಮರ ನೋಡೋಕೆ ನಡೀರಿ ಅಂದ್ರೆ ಮಕ್ಕಳು ನಡೀತಾವಾ, ಹತ್ತು ಹೆಜ್ಜೆಗೆ "ಎತ್ಕೋ" ಶುರು. ನಮ್ಮ ಮಕ್ಕಳನ್ನ ನಡೆಸಿದ್ದು ಜಿಯೋಕ್ಯಾಶಿಂಗ್.

ನಿಧಿ ಹುಡುಕೋ ಆಟ ಅನ್ಕೊಳ್ಳಿ. ಯಾರೋ ಒಂದು ಡಬ್ಬಿ ಬಚ್ಚಿಟ್ಟು ಅದು ಎಲ್ಲಿದೆ ಅಂತ ಜಿಪಿಎಸ್ ಲೊಕೇಶನ್ ಆ್ಯಪಲ್ಲಿ ಹಾಕಿರ್ತಾರೆ, ನಾವು ಫೋನ್ ಹಿಡ್ಕೊಂಡ್ ಹೋಗಿ ಹುಡುಕಿ ಒಳಗಿರೋ ಚೀಟಿ ಮೇಲೆ ಹೆಸರು ತಾರೀಖು ಬರ್ದು ಇದ್ದ ಜಾಗದಲ್ಲೇ ವಾಪಸ್ ಇಡೋದು, ಅಷ್ಟೇ. ಇದು ಹುಟ್ಟಿದ್ದೂ ಈ ಕಡೆನೇ. 2000ದ ಮೇವರೆಗೆ ಸಾಮಾನ್ಯ ಜನಕ್ಕೆ ಸಿಗೋ ಜಿಪಿಎಸ್ ಸಿಗ್ನಲ್ಲನ್ನ ಅಮೆರಿಕ ಸರ್ಕಾರ ಬೇಕಂತಲೇ ಕೆಡಿಸಿ ಕೊಡ್ತಿತ್ತು, ನೂರು ಮೀಟರ್‌ವರೆಗೂ ಆಚೀಚೆ ಆಗೋದು. ಮೇ 2ಕ್ಕೆ ಅದನ್ನ ನಿಲ್ಸಿದ್ರು, ಮಾರನೇ ದಿನವೇ ಡೇವ್ ಅಲ್ಮರ್ ಅನ್ನೋರು ಪಕ್ಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಹತ್ರದ ಬೀವರ್‌ಕ್ರೀಕಲ್ಲಿ ಒಂದು ಕರೀ ಬಕೆಟ್ ಬಚ್ಚಿಟ್ರು. ಅದರಲ್ಲಿ ಒಂದು ಬೀನ್ಸ್ ಡಬ್ಬಿನೂ ಇತ್ತು. ಈಗ ತಿನ್ನೋದು ಏನೂ ಇಡೋ ಹಾಗಿಲ್ಲ, ವಾಸನೆಗೆ ಪ್ರಾಣಿಗಳು ಬಂದು ಕಚ್ಚಿ ಹಾಕ್ತವೆ.

ನಮ್ಮ ಮೊದಲನೇ ದಿನ ಹೋದ ಪುಟ್ಟ ಬಂದ ಪುಟ್ಟ. ನಮ್ಮೆಜಮಾನ್ರು ಏನೂ ನೋಡ್ದೆ ಡಿಫಿಕಲ್ಟಿ (ಹುಡುಕೋದು ಎಷ್ಟು ಕಷ್ಟ ಅಂತ 1ರಿಂದ 5ರವರೆಗೆ ಕೊಡೋ ಅಂಕ) 4 ಇರೋದನ್ನ ಆರಿಸಿದ್ರು, ಮಳೇಲಿ ಒಂದೂವರೆ ಗಂಟೆ ಸೇತುವೆ ಕೆಳಗೆ ತಡಕಾಡಿದ್ವಿ, ಮಗ ಅತ್ತು ಅತ್ತು ಕಾರಲ್ಲೇ ಮಲಗಿಬಿಟ್ಟ. ಅದಕ್ಕೇ ಹೇಳ್ತೀನಿ, ಡಿಫಿಕಲ್ಟಿ, ಟೆರೇನ್ (ದಾರಿ ಎಷ್ಟು ಕಷ್ಟ ಅನ್ನೋದು) ಎರಡೂ 1 ಅಥವಾ 1.5 ಇರ್ಬೇಕು, ಸೈಜು ರೆಗ್ಯುಲರ್ ಇಲ್ಲಾ ಸ್ಮಾಲ್ ಇರ್ಬೇಕು, ಹೋದ ವಾರನೋ ತಿಂಗಳೋ ಯಾರಾದ್ರೂ ಸಿಕ್ತು ಅಂತ ಬರ್ದಿರ್ಬೇಕು. ಮೈಕ್ರೋ, ನ್ಯಾನೋ ಅಂದ್ರೆ ತೀರಾ ಪುಟ್ಟದು, ನ್ಯಾನೋ ಅಂತೂ ಬೆರಳ ತುದಿಯಷ್ಟೇ ಇರತ್ತೆ, ಒಳಗೆ ಆಟಿಕೆ ಹಿಡ್ಸಲ್ಲ, ಮಕ್ಕಳಿಗೆ ಅದು ಡಬ್ಬಿ ಅಂತಲೇ ಅನ್ಸಲ್ಲ. ಆಮೇಲೆ ದೊಡ್ಡ ದೊಡ್ಡ ಮರದ ಕೆಳಗೆ ಜಿಪಿಎಸ್ ಕುಣಿಯತ್ತೆ, ಹತ್ತು ಮೀಟರ್ ಹತ್ರ ಬಂದ್ರೆ ಫೋನ್ ಜೇಬಿಗೆ ಹಾಕಿ ಕಣ್ಣಲ್ಲಿ ಹುಡುಕಿ. ನಮ್ಮ ಮಗಳು ಆಗ ಐದು ವರ್ಷ, ಒಂದು ಬಿದ್ದ ಮರದ ಪಕ್ಕ ನಿಂತ್ಕೊಂಡು "ಅಮ್ಮಾ, ಈ ಕಡ್ಡಿಗಳು ಯಾಕೆ ಎಲ್ಲಾ ಒಂದೇ ಕಡೆ ತಲೆ ಹಾಕಿ ಮಲಗಿವೆ?" ಅಂದ್ಲು. ಗಾಳಿಗೆ ಬಿದ್ದ ಕಡ್ಡಿ ಹಾಗೆ ಸಾಲಾಗಿ ಬೀಳಲ್ವಲ್ಲ. ಎತ್ತಿದ್ರೆ ಕೆಳಗೆ ಹಸಿರು ಮಿಲಿಟರಿ ಡಬ್ಬಿ! ನಾವಿಬ್ರೂ ಅದನ್ನ ಎರಡು ಸಲ ದಾಟಿ ಹೋಗಿದ್ವಿ.

ಡಬ್ಬಿಯಿಂದ ಆಟಿಕೆ ತಗೋಬೋದು, ಆದ್ರೆ ಅಷ್ಟೇ ಬೆಲೆದು ಇಲ್ಲಾ ಜಾಸ್ತಿದು ಇಡ್ಬೇಕು. ಈ ಭಾಗ ಕಷ್ಟ ಕಣ್ರೀ, ಚಿಕ್ಕ ಮಕ್ಕಳಿಗೆ ತಗೊಳ್ಳೋದು ಗೊತ್ತು ಇಡೋದು ಗೊತ್ತಿಲ್ಲ. ನಮ್ಮ ಮಗಳು ಊರಿಂದ ತಂದಿದ್ದ ಚನ್ನಪಟ್ಟಣದ ಪುಟ್ಟ ಬುಗುರಿ ಇಟ್ಟು ಒಂದು ಗುಲಾಬಿ ಡೈನೋಸಾರ್ ತಗೊಂಡ್ಲು, ದಾರಿಯುದ್ದಕ್ಕೂ ಬುಗುರಿಗೆ ಅತ್ಲು. ನಂಬರ್ ಇರೋ ಲೋಹದ ಬಿಲ್ಲೆ ಕಟ್ಟಿರೋ ವಸ್ತು ಸಿಕ್ರೆ ಮಾತ್ರ ಮನೇಲಿ ಇಟ್ಕೋಬೇಡಿ, ಅದು ಟ್ರಾವೆಲ್ ಬಗ್, ಮುಂದಿನ ಡಬ್ಬಿಗೆ ದಾಟಿಸ್ಬೇಕು.

ಇನ್ನೊಂದು ಭಯ ನಿಮಗೂ ಇರತ್ತೆ, ನಮ್ಮಂಥೋರು ಪೊದೆ ಕೆದಕ್ತಾ ನಿಂತ್ರೆ ಯಾರಾದ್ರೂ ಏನಾದ್ರೂ ಅನ್ಕೊಂಡ್ರೆ ಅಂತ. ನಂಗೂ ಇತ್ತು. ಗಂಡಸು ಒಬ್ನೇ ಲೈಟ್ ಕಂಬ ತಡವ್ತಾ ಇದ್ರೆ ಜನ ನೋಡ್ತಾರೆ, ಮಕ್ಕಳಿದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಕೇಳಿದ್ರೆ ಇದ್ದಿದ್ದು ಇದ್ದ ಹಾಗೆ ಹೇಳಿ. ಯಾರದ್ದೋ ಮನೆ ಅಂಗಳಕ್ಕೆ ಮಾತ್ರ ಕಾಲಿಡ್ಬೇಡಿ.

ಗಂಬೂಟು, ರೇನ್ ಪ್ಯಾಂಟು ಹೊಸದು ತಗೋಬೇಡಿ, ಸೆಕೆಂಡ್ ಹ್ಯಾಂಡ್ ಅಂಗಡೀಲಿ ಸಿಗತ್ತೆ, ಆರು ತಿಂಗಳಿಗೆ ಕಾಲು ಬೆಳೆಯತ್ತೆ. ಮಾರ್ಚ್ ಹೊತ್ತಿಗೇ ದಾರಿ ಪಕ್ಕ ತುರಿಕೆ ಗಿಡ ಏಳತ್ತೆ, ನಮ್ಮ ಮಲೆನಾಡಿನ ತುರಚೆ ಥರನೇ, ಮುಟ್ಟಿದ್ರೆ ಉರಿ. ಸ್ಟೇಟ್ ಪಾರ್ಕಿಗೆ ಕಾರಲ್ಲಿ ಹೋದ್ರೆ ಡಿಸ್ಕವರ್ ಪಾಸ್ ಬೇಕು. ಶುರುವಿಗೆ ನಿಮ್ಮ ಹತ್ರದ ಮೇರಿಮೂರ್ ಪಾರ್ಕ್ ಕಡೆ ಮ್ಯಾಪ್ ತೆಗೆದು ನೋಡಿ. ಎರಡು ಮೂರು ಸಿಕ್ಮೇಲೆ ಸಿಯಾಟಲ್‌ನ ಫ್ರೀಮಾಂಟಿಗೆ ಹೋಗಿ, ಈ ಆಟದ ಆ್ಯಪ್ ನಡೆಸೋರ ಆಫೀಸ್ ಅಲ್ಲೇ ಇರೋದು, ಒಳಗೇ ಹುಡುಕೋಕೆ ಒಂದು ಡಬ್ಬಿ ಇದೆ, ಯಾವ ದಿನ ಬಿಡ್ತಾರೆ ಅಂತ ಮೊದಲೇ ನೋಡ್ಕೊಂಡ್ ಹೋಗಿ. ಸೇತುವೆ ಕೆಳಗೆ ನಿಜವಾದ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನ ಮುಷ್ಟೀಲಿ ಹಿಡ್ಕೊಂಡು ಕೂತಿರೋ 18 ಅಡಿ ರಾಕ್ಷಸನ ಶಿಲ್ಪಾನೂ ತೋರಿಸ್ಕೊಂಡು ಬನ್ನಿ.

ಮತ್ತೆ ಪೆನ್ ಮರೀಬೇಡಿ, ಎಷ್ಟೋ ಡಬ್ಬೀಲಿ ಇರಲ್ಲ. ನಾವು ಮೂರು ಸಲ ಮರ್ತಿದೀವಿ, ಒಂದ್ಸಲ ನನ್ನ ಕಾಡಿಗೆ ಪೆನ್ಸಿಲಲ್ಲೇ ಸೈನ್ ಹಾಕಿದ್ದು.