ಗಾಲ್ಫ್ ಸ್ವಿಂಗ್ ನೋಡಿ ಹೇಳೂ ಮಂದಿ ಹತ್ತು, ಯಾರ ಮಾತು ಕೇಳೂದು?

ಪ್ರಶ್ನೆ: ನಮಸ್ಕಾರ್ರಿ ಸರ. ನನಗ 43 ವರ್ಷ, ಹುಬ್ಬಳ್ಳಿ ವಿದ್ಯಾನಗರದಾಗ ಇರ್ತೀನಿ, ಬ್ಯಾಂಕಿನ್ಯಾಗ ಕೆಲಸ. ಬೆಂಗಳೂರಿಗೆ ಟ್ರಾನ್ಸ್‌ಫರ್ ಆಗಿದ್ದಾಗ ಅಲ್ಲೆ ರೇಂಜಿನ್ಯಾಗ ಆರು ಕ್ಲಾಸ್ ಗಾಲ್ಫ್ ಕಲತೆ, ಆಮ್ಯಾಲೆ ಬಿಡಾಕ ಆಗವಲ್ದು. ಈಗ ಊರಿಗೆ ವಾಪಸ್ ಬಂದೀನಿ, ಕೋಚ್ ಇಲ್ಲ. ಕುಂದಗೋಳ ರಸ್ತಾದಾಗ ನಮ್ಮ ಮಾವನವರ ಹೊಲ ಐತಿ, ಸುಗ್ಗಿ ಮುಗದ ಮ್ಯಾಲೆ ಖಾಲಿ ಬಿದ್ದಿರ್ತೈತಿ, ರವಿವಾರ ಮುಂಜಾನೆ ಅಲ್ಲೆ ಹೊಡಿತೀನಿ. ದೂರ ಹೊಡಿಯೂ ಉದ್ದ ಕೋಲು, ಡ್ರೈವರ್, ಹಿಡದ್ರ ಹತ್ತರಾಗ ಎಂಟು ಚೆಂಡು ಬಲಕ್ಕ ಹೊಳ್ಳಿ ಮಗ್ಗಲಿನವರ ಹೊಲಕ್ಕ ಬೀಳ್ತಾವ. ಜೋಡಿ ಬರೂ ದೋಸ್ತರಾಗ ಒಬ್ಬಾವ ತಲಿ ಎತ್ತಬ್ಯಾಡ ಅಂತಾನ, ಒಬ್ಬಾವ ಎಡಗೈ ನೆಟ್ಟಗ ಇಡು ಅಂತಾನ, ಇನ್ನೊಬ್ಬಾವ ಮಣಿಕಟ್ಟು ತಿರುವು ಅಂತಾನ, ಮಗ ಮೊಬೈಲಿನ್ಯಾಗ ವಿಡಿಯೋ ತಗದು ದೊಡ್ಡ ಪ್ಲೇಯರ್‌ಗಳ ಜೋಡಿ ಹೋಲಿಸಿ ತೋರಸ್ತಾನ. ಎಲ್ಲಾರದೂ ಕೇಳಿ ಕೇಳಿ ಈಗ ಚೆಂಡಿನ ಮುಂದ ನಿಂತ್ರ ಕೈಕಾಲ ಆಡವಲ್ವು. ಯಾರ ಮಾತು ಕೇಳಲಿ?

ಉತ್ತರ: ಸರ, ನಿಮ್ಮ ಪತ್ರ ಓದಿ ನನ್ನ ಮೊದಲನೇ ವರ್ಷ ಕಣ್ಣ ಮುಂದ ಬಂತು. ನನಗೂ ಬೆನ್ನ ಹಿಂದ ಮೂರು ಮಂದಿ ನಿಂತು ಹೇಳ್ತಿದ್ರು, ಮೂರೂ ಮಾತು ಒಂದ ಸ್ವಿಂಗಿನ್ಯಾಗ ಹಾಕಾಕ ಹೋಗಿ ಮಣಿಕಟ್ಟು ಉಳುಕಿಸಿಕೊಂಡು ಎರಡು ತಿಂಗಳು ಕ್ಲಬ್ ಅಂದ್ರ ಗಾಲ್ಫ್ ಕೋಲು ಮುಟ್ಟಲಿಲ್ಲ. ಅವರು ಪ್ರೀತಿಲೇನ ಹೇಳಿದ್ರು, ಆದ್ರ ಏನು ನೋಡ್ರಿ ಅಂತ ನಾ ಅವರಿಗೆ ಹೇಳಿದ್ದಿಲ್ಲ, ಹಿಂಗಾಗಿ ಅವರಿಗೆ ಕಣ್ಣಿಗೆ ಬಿದ್ದದ್ದೆಲ್ಲಾ ಹೇಳ್ತಿದ್ರು. ನಿಮ್ಮದೂ ಅದ ಆಗೇದ ಅನಸ್ತೈತಿ. ಯಾರ ಮಾತು ಕೇಳೂದು ಅನ್ನೂದಕ್ಕಿಂತ ಅವರಿಗೆ ಏನು ನೋಡಾಕ ಹಚ್ಚೂದು ಅನ್ನೂದು ಮೊದಲ.

ತಲಿ ಎತ್ತಬ್ಯಾಡ ಅನ್ನೂದು ಎಲ್ಲಾ ಕಡೆ ಕೇಳೂ ಮಾತು. ಸ್ವೀಡನ್ನಿನ ಆನಿಕಾ ಸೊರೆನ್‌ಸ್ಟಾಮ್ ಕ್ಲಬ್ ಚೆಂಡಿಗೆ ತಗಲೂ ಹೊತ್ತಿಗೇನ ಮುಖ ಗುರಿ ಕಡೆ ಹೊಳ್ಳಿಸಿರ್ತಿದ್ರು, ಹಂಗ ಆಡಿ 10 ಮೇಜರ್ ಅಂದ್ರ ಗಾಲ್ಫಿನ ಎಲ್ಲಾಕಿಂತ ದೊಡ್ಡ ಟೂರ್ನಮೆಂಟ್ ಗೆದ್ರು. ಎಡಗೈ ನೆಟ್ಟಗ ಅಂತಾರಲ್ಲ, ಅಮೆರಿಕಾದ ಕ್ಯಾಲ್ವಿನ್ ಪೀಟ್ ಅವರಿಗೆ ಸಣ್ಣವರಿದ್ದಾಗ ಎಡ ಮೊಳಕೈ ಮುರದು ಆ ಕೈ ಪೂರ್ತಿ ಚಾಚಾಕ ಬರ್ತಿದ್ದಿಲ್ಲ, ಆದ್ರೂ 1981ರಿಂದ 1990ರ ತನಕ ಸಾಲಾಗಿ ಹತ್ತು ವರ್ಷ ಅಲ್ಲಿನ ದೊಡ್ಡ ಗಾಲ್ಫ್ ಸರಣಿ ಪಿಜಿಎ ಟೂರ್‌ನ್ಯಾಗ ಡ್ರೈವರ್ ಎಲ್ಲಾರಕಿಂತ ನೆಟ್ಟಗ ಹೊಡದವರು ಅವರ. ನಿಮ್ಮ ದೋಸ್ತರು ಸುಳ್ಳು ಹೇಳ್ತಾರ ಅಂತಲ್ಲ ನಾ ಅನ್ನೂದು. ನಿಮ್ಮ ಚೆಂಡು ಯಾಕ ಬಲಕ್ಕ ಹೊಳ್ಳತೈತಿ ಅನ್ನೂದಕ್ಕ ಆ ಮಾತು ಉತ್ತರ ಹೌದೋ ಅಲ್ಲೋ ಅಂತ ಯಾರೂ ನೋಡಿಲ್ಲ, ಅಷ್ಟ.

ಬರೂ ರವಿವಾರ ಹಿಂಗ ಮಾಡ್ರಿ. ನಿಮ್ಮ ಮುಂದ ಐದಾರು ಮೀಟರಿಗೆ ಗುರಿ ಸಾಲಿನ್ಯಾಗ ಒಂದು ಸಣ್ಣ ಗೂಟ ಹುಗೀರಿ. ಮಗನ್ನ ನಿಮ್ಮ ಹಿಂದ, ಕ್ಲಬ್ ತಿರಗೂ ಜಾಗಾದಿಂದ ಚೊಲೊ ದೂರ, ಅದ ಸಾಲಿನ್ಯಾಗ ನಿಲ್ಲಸ್ರಿ. ಅವಗ ಒಂದ ಕೆಲಸ, ಚೆಂಡು ಹೊಂಡೂ ಮುಂದ ಗೂಟದ ಎಡಕ್ಕ ಹೋತೋ, ಮ್ಯಾಲೆ ಹೋತೋ, ಬಲಕ್ಕ ಹೋತೋ, ಅಷ್ಟ ಹೇಳೂದು, ಸ್ವಿಂಗ್ ಬಗ್ಗೆ ಒಂದು ಮಾತೂ ಆಡೂಹಂಗಿಲ್ಲ. ಹತ್ತು ಚೆಂಡು ಹೊಡದು ವಹಿದಾಗ ಬರದಿಡ್ರಿ. ಚೆಂಡು ಹೊಂಡೂ ದಿಕ್ಕು ಹೆಚ್ಚಾಗಿ ಕ್ಲಬ್ಬಿನ ಮುಖ ತಗಲೂ ಕ್ಷಣಕ್ಕ ಎತ್ತಾಗ ನೋಡತಿತ್ತು ಅನ್ನೂದರ ಮ್ಯಾಲೆ ಇರ್ತೈತಿ, ಮುಂದ ಹೊಳ್ಳೂದು ಆ ಮುಖಕ್ಕೂ ಕ್ಲಬ್ ಬಂದ ಹಾದಿಗೂ ಇರೂ ಫರಕಿನಿಂದ. ಎಡಕ್ಕ ಹೊಂಟು ಬಲಕ್ಕ ಹೊಳ್ಳಿದ್ರ ಕ್ಲಬ್ ಹೊರಗಿಂದ ಒಳಗ ಕೊಯ್ದಂಗ ಬರಾಕತ್ತೈತಿ. ಬಲಕ್ಕನ ಹೊಂಟು ಇನ್ನೂ ಬಲಕ್ಕ ಹೊಳ್ಳಿದ್ರ ಮುಖ ಭಾಳ ತೆರದೈತಿ ಅಂದ್ರ ಬಲಕ್ಕ ನೋಡತೈತಿ, ಗ್ರಿಪ್ ಅಂದ್ರ ಕ್ಲಬ್ ಹಿಡಿಯೂ ರೀತಿ ನೋಡ್ರಿ. ಬಲಕ್ಕ ಹೊಂಟು ನೆಟ್ಟಗ ಹೋದ್ರ ಅದು ಸ್ಲೈಸ್ ಅಂದ್ರ ಬಲಕ್ಕ ಹೊಳ್ಳೂ ಹೊಡತ ಅಲ್ಲ, ಅದರ ರಿಪೇರಿನ ಬ್ಯಾರೆ. ಮೂರು ಬ್ಯಾರೆ ಬ್ಯಾರೆ ರೋಗ, ಮೂರಕ್ಕೂ ತಲಿ ಎತ್ತಬ್ಯಾಡ ಅಂದ್ರ ಹೆಂಗ್ರಿ?

ಇನ್ನೊಂದು, ಚೆಂಡು ಕ್ಲಬ್ಬಿನ ಎಲ್ಲಿಗೆ ಬಡಿತೈತಿ ಅದನ್ನೂ ನೋಡಬೇಕು. ವೈಟ್‌ಬೋರ್ಡ್ ಮಾರ್ಕರಿನಿಂದ ಚೆಂಡಿನ ಮ್ಯಾಲೆ ದಪ್ಪ ಚುಕ್ಕಿ ಹಾಕಿ, ಆ ಚುಕ್ಕಿ ಕ್ಲಬ್ಬಿನ ಕಡೆ ಮಾಡಿ ಟೀ ಅಂದ್ರ ಚೆಂಡು ಇಡೂ ಸಣ್ಣ ಮೊಳಿ ಮ್ಯಾಲೆ ಇಟ್ಟು ಹೊಡದ್ರ ಬಣ್ಣ ಮುಖಕ್ಕ ಹತ್ತತೈತಿ. ಡ್ರೈವರಿನ್ಯಾಗ ಗುರುತು ಹಿಡಿಕಿ ಕಡೆಗೆ ಅಂದ್ರ ಹೀಲ್ ಕಡೆಗೆ ಬಿದ್ದಿದ್ರ ಅದೊಂದ ಸಾಕು ಚೆಂಡನ್ನ ಬಲಕ್ಕ ಹೊಳ್ಳಸಾಕ, ಸ್ವಿಂಗ್ ಚೊಲೊ ಇದ್ರೂ. ಇದನ್ನ ನೋಡದ ಸ್ವಿಂಗ್ ಬದಲಿ ಮಾಡಾಕ ಹೋದ್ರ ಇದ್ದದ್ದೂ ಕೆಡತೈತಿ. ಮಾರ್ಕರ್ ನಾಳೆ ತರ್ರಿ.

ನಿಮ್ಮ ಗ್ರಿಪ್ ನಾ ನೋಡಿಲ್ಲ, ಆದ್ರ ನಮ್ಮ ಕಡೆ ಹುಡುಗ್ರು ಮೊದಲ ಹಿಡಿಯೂದು ಕ್ರಿಕೆಟ್ ಬ್ಯಾಟು. ಅದರಾಗ ಮುಖ ನೆಟ್ಟಗ ಹಿಡದು ಚೆಂಡಿನ ಸಾಲಿಗೆ ಕಳಸಬೇಕು, ಗಾಲ್ಫಿನ್ಯಾಗ ಕ್ಲಬ್ಬಿನ ಮುಖ ತಿರುಗಿಕೋತ ಬಂದು ಮುಚ್ಚಿಕೊಬೇಕು. ಬ್ಯಾಟ್ ಹಿಡದಂಗ ಕ್ಲಬ್ ಹಿಡದ್ರ ಮುಖ ತೆರದ ಉಳಿತೈತಿ. ಚೆಂಡಿನ ಮುಂದ ನಿಂತು ಕೆಳಗ ನೋಡಿದಾಗ ನಿಮ್ಮ ಎಡಗೈ ಬೆರಳಿನ ಗೆಣ್ಣು ಎರಡು, ಎರಡೂವರಿ ಕಾಣಬೇಕು. ಒಂದ ಕಂಡ್ರ ಕೈಯನ್ನ ಸ್ವಲ್ಪ ಬಲಕ್ಕ ಹೊಳ್ಳಸ್ರಿ. ಎರಡು ವಾರ ಕ್ಲಬ್ ಯಾರದೋ ಕೈಯಾಗ ಇದ್ದಂಗ ಅನಸ್ತೈತಿ, ಆವಾಗ ದೋಸ್ತರು ಮೊದಲಿನಂಗ ಹಿಡಿ ಅಂತಾರ, ಕೇಳಬ್ಯಾಡ್ರಿ.

ವಿಡಿಯೋ ತಗಿಯೂದು ಛಲೋ ಕೆಲಸ, ಆದ್ರ ಮೊಬೈಲ್ ಇಡೂ ಜಾಗಾ ಪ್ರತಿ ಸಲ ಒಂದ ಇರಬೇಕು. ಎರಡು ಗೂಟ ನೆಡ್ರಿ, ಒಂದು ನಿಮ್ಮ ಎದಿ ಎದುರಿಗೆ, ಒಂದು ಗುರಿ ಸಾಲಿನ ಹಿಂದ ನಿಮ್ಮ ಕೈ ಇರೂ ಸಾಲಿಗೆ, ಎರಡೂ ಕೈಯಷ್ಟ ಎತ್ತರಕ್ಕ. ಮೊಬೈಲ್ ಒಂದು ಫೂಟು ಆಕಡೆ ಈಕಡೆ ಆದ್ರ ಒಳಗಿಂದ ಬಂದ ಕ್ಲಬ್ ಹೊರಗಿಂದ ಬಂದಂಗ ಕಾಣತೈತಿ, ಆಮ್ಯಾಲೆ ಇಲ್ಲದ ತಪ್ಪು ತಿದ್ದಕೋತ ಕುಂಡ್ರತೀರಿ. ಮತ್ತ ಕ್ಲಬ್ಬಿನ ಮುಖ ತೆರದೈತೋ ಮುಚ್ಚೈತೋ ಅನ್ನೂದನ್ನ ವಿಡಿಯೋದಾಗ ಹುಡುಕಬ್ಯಾಡ್ರಿ, ಯಾಕಂದ್ರ ಚೆಂಡು ಕ್ಲಬ್ಬಿಗೆ ಅಂಟಿಕೊಂಡಿರೂದು ಒಂದು ಸೆಕೆಂಡಿನ ಎರಡು ಸಾವಿರದಾಗಿನ ಒಂದು ಭಾಗದಷ್ಟು ಹೊತ್ತು, ಮೊಬೈಲಿನ ಸ್ಲೋ ಮೋಷನ್ ಸೆಕೆಂಡಿಗೆ 240 ಚಿತ್ರ ತಗದ್ರೂ ಆ ಕ್ಷಣ ಎರಡು ಚಿತ್ರದ ನಡುವ ಜಾರಿ ಹೋಗಿರ್ತೈತಿ. ದೊಡ್ಡ ಪ್ಲೇಯರ್ ಜೋಡಿ ಹೋಲಿಸೂದು ಬಿಡ್ರಿ, ನಿಮ್ಮ ಹೋದ ತಿಂಗಳ ವಿಡಿಯೋ ಜೋಡಿ ಹೋಲಸ್ರಿ.

ಪ್ರತಿ ಚೆಂಡಿಗೂ ಹೆಂಗಾತು ಅಂತ ಕೇಳಬ್ಯಾಡ್ರಿ, ಇದು ನಾ ಕಳಕಳಿಯಿಂದ ಹೇಳೂ ಮಾತು. 1990ರಾಗ ವಿನ್‌ಸ್ಟೀನ್ ಮತ್ತ ಶ್ಮಿಟ್ ಅನ್ನೂ ಸಂಶೋಧಕರು ಕೈಯಿಂದ ಲಿವರ್ ಅಂದ್ರ ಸನ್ನಿಕೋಲು ಆಡಸೂ ಪ್ರಯೋಗ ಮಾಡಿ ನೋಡಿದ್ರು, ಪ್ರತಿ ಸಲ ಫಲಿತಾಂಶ ಹೇಳಿಸಿಕೊಂಡವರಿಗಿಂತ ಅರ್ಧ ಸಲ ಅಷ್ಟ ಹೇಳಿಸಿಕೊಂಡವರಿಗೆ ಮರುದಿನ ಚೊಲೊ ನೆನಪಿತ್ತು. ಗೂಟದ ಲೆಕ್ಕ ಸಿಕ್ಕ ಮ್ಯಾಲೆ ನಾಕು ಚೆಂಡು ಸುಮ್ನ ಹೊಡೀರಿ, ಐದನೇದಕ್ಕ ಕೇಳ್ರಿ, ಕೇಳೂಕಿಂತ ಮೊದಲ ನಿಮಗ ಏನನಸ್ತು ಅದನ್ನ ಬಾಯಿಬಿಟ್ಟು ಹೇಳ್ರಿ. ಮತ್ತ ಹೇಳಾವರಿಗೆ ಮೊಳಕೈ, ಹೆಗಲು ಅನ್ನಬ್ಯಾಡ್ರಿ ಅಂತ ವಿನಂತಿ ಮಾಡ್ರಿ, ಕ್ಲಬ್ಬಿನ ತುದಿ ಆ ಗೂಟದ ಬಲಕ್ಕ ಬಿಡು ಅಂದ್ರ ಮೈ ತಾನ ಹಾದಿ ಹುಡಕತೈತಿ.

ಒಂದು ಸಲಕ್ಕ ಒಂದ ತಿದ್ದುಪಡಿ, ಒಬ್ಬರದ. ನೀವು ಹೋಗೂ ಆ ಕುಂದಗೋಳಕ್ಕನ ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಟ್ರೇನ್ ಹತ್ತಿ ಸವಾಯಿ ಗಂಧರ್ವರ ಹತ್ರ ಕಲಿಯಾಕ ಹೋಗ್ತಿದ್ರು. ಅದಕ್ಕೂ ಮೊದಲ ಬ್ಯಾರೆಯವರ ಹತ್ರ ಕಲತಿದ್ರು, ಆದ್ರ ಅಲ್ಲೆ ಗುರುಗಳು ಒಬ್ಬರ. ಮೂರು ವಾರ ಗ್ರಿಪ್ ಅಂದ್ರ ಗ್ರಿಪ್. ವರ್ಷದಾಗ ಎರಡು ಸಲರ ಬೆಂಗಳೂರಿಗೆ ಹೋದಾಗ ಮೊದಲಿನ ಕೋಚ್‌ಗೆ ಆ ವಹಿ ತೋರಸ್ರಿ, ಅವರ ಅರ್ಧ ಕೆಲಸ ನೀವ ಮಾಡಿರ್ತೀರಿ.

ಹಾಂ, ಎರಿ ನೆಲ ಬ್ಯಾಸಿಗ್ಯಾಗ ಕಲ್ಲಿನಂಗ ಆಗಿರ್ತೈತಿ, ಐರನ್ ಅಂದ್ರ ನೆಲದ ಮ್ಯಾಲಿನ ಚೆಂಡು ಹೊಡಿಯೂ ಕಬ್ಬಿಣದ ಕ್ಲಬ್ ಹೊಡಿಯೂ ಮುಂದ ಕೆಳಗ ಮ್ಯಾಟ್ ಹಾಕ್ರಿ, ಇಲ್ಲಾಂದ್ರ ನನ್ನ ಮಣಿಕಟ್ಟಿನ ಕಥಿ ನಿಮಗೂ ಆದೀತು. ಮಗ್ಗಲಿನ ಹೊಲದಾಗ ಕೆಲಸಕ್ಕ ಯಾರರ ಬಂದಿದ್ರ ಡ್ರೈವರ್ ಚೀಲದಿಂದ ತಗಿಲೇಬ್ಯಾಡ್ರಿ. ಚೆಂಡು 46 ಗ್ರಾಂ ಒಳಗ ಇದ್ರೂ ತಲಿಗೆ ಬಡದ್ರ ಜೀವಕ್ಕ ಅಪಾಯ.

ಪ್ರಶ್ನೆ: ನಾನು ಧಾರವಾಡದಾಗ ಪಿಯುಸಿ ಓದಾಕತ್ತೀನಿ. ಅಪ್ಪಾಜಿ ಒಂದು ಹೇಳ್ತಾರ, ಕಾಕಾ ಒಂದು ಹೇಳ್ತಾರ. ಬೆಂಗಳೂರಿನ್ಯಾಗ ಮೊದಲನೇ ಸಲ ಟೂರ್ನಮೆಂಟ್ ಆಡಾಕ ಹೊಂಟೀನಿ, ಆಡೂ ಮುಂದ ಸ್ವಿಂಗ್ ಕೆಟ್ರ ಜೋಡಿ ಆಡೂ ಅಕ್ಕಾರನ್ನ ಕೇಳಬಹುದಾ?

ಉತ್ತರ: ತಂಗಿ, ಕೇಳಬ್ಯಾಡವಾ. ರೌಂಡ್ ಶುರು ಆದ ಮ್ಯಾಲೆ ಸಲಹೆ ಕೇಳೂಹಂಗಿಲ್ಲ, ಕ್ಯಾಡಿ ಅಂದ್ರ ಚೀಲ ಹೊರೂ ಜೊತಿಗಾರ ಒಬ್ಬರನ್ನ ಬಿಟ್ಟು. ಗಾಲ್ಫ್ ನಿಯಮ 10.2 ಪ್ರಕಾರ ಸ್ಟ್ರೋಕ್ ಪ್ಲೇ ಅಂದ್ರ ಹೊಡತ ಎಣಿಸೂ ಆಟದಾಗ 2 ಸ್ಟ್ರೋಕ್ ದಂಡ. ನೀವು ಯಾವ ಕ್ಲಬ್ ಹೊಡದ್ರಿ ಅಂತ ನೀ ಹೊಡಿಯೂಕಿಂತ ಮೊದಲ ಕೇಳಿದ್ರೂ ಅದ ದಂಡ. ಹೋಲ್ ಎಷ್ಟು ದೂರ ಐತಿ ಅಂತ ಕೇಳಬಹುದು, ಅದು ಎಲ್ಲಾರಿಗೂ ಗೊತ್ತಿರೂ ಮಾತು. ಕ್ಯಾಡಿ ಯಾರು ಅನ್ನೂದನ್ನ ಈಗ ವಿಚಾರ ಮಾಡು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2016ರಾಗ ರಿಯೋ ಒಲಿಂಪಿಕ್ಸಿಗೆ ಹೋದಾಗ ಅವರ ತಂದಿ ಕ್ಯಾಡಿ ಆಗಿದ್ರು, 2021ರಾಗ ಟೋಕಿಯೋದಾಗ ನಾಲ್ಕನೇ ಸ್ಥಾನಕ್ಕ ಬಂದಾಗ ತಾಯಿ ಚೀಲ ಹೊತ್ತಿದ್ರು. ಜೂನಿಯರ್ ಟೂರ್ನಮೆಂಟ್‌ದಾಗ ಕೆಲವು ಕಡೆ ಮನಿಯವರು ಕ್ಯಾಡಿ ಆಗಬಾರದು ಅಂತ ಇರ್ತೈತಿ, ಫಾರ್ಮ್ ತುಂಬೂ ಮುಂದ ಕೇಳಕೋ. ಅಪ್ಪಾಜಿ, ಕಾಕಾ ಇಬ್ಬರನ್ನೂ ಒಂದ ಸಲ ಕೂಡಿಸಿ, ಟೂರ್ನಮೆಂಟ್ ಮುಗಿಯೂ ತನಕ ಒಬ್ಬರ ಹೇಳ್ರಿ ಅಂತ ನೀನ ಕೇಳಕೋ. ಸಿಟ್ಟಾಗೂದಿಲ್ಲ.

ಪ್ರಶ್ನೆ: ನಾ ಗದಗದಾವ. ಮುಂಜಾನೆ ನೆಟ್ಟಗ ಹೋಗೂ ಚೆಂಡು ಸಂಜಿಕೆ ಬಲಕ್ಕ ಹೊಳ್ಳತಾವ. ನೋಡಿದವರು ಸ್ವಿಂಗ್ ಕೆಟ್ಟೈತಿ ಅಂತಾರ.

ಉತ್ತರ: ನಿಮ್ಮ ಕಡೆ ಕಪ್ಪತಗುಡ್ಡದ ಮ್ಯಾಲಿನ ಗಾಳಿ ಗಿರಣಿ ನೋಡಿದ್ರನ ಗೊತ್ತಾಗ್ತೈತಿ ಗಾಳಿ ಎಷ್ಟಂತ. ಎದುರು ಗಾಳಿಗೆ ಸಣ್ಣ ಸ್ಲೈಸ್ ದೊಡ್ಡದಾಗಿ ಕಾಣತೈತಿ, ಬೆನ್ನ ಗಾಳಿಗೆ ಅದ ಸ್ಲೈಸ್ ಕಣ್ಣಿಗೇ ಬೀಳೂದಿಲ್ಲ. ಹೊಡಿಯೂಕಿಂತ ಮೊದಲ ಒಂದು ಚಿಟಿಕಿ ಒಣ ಮಣ್ಣು ತೂರಿ ಗಾಳಿ ದಿಕ್ಕು ವಹಿದಾಗ ಬರೀರಿ, ಸಂಜಿಕೆ ಯಾರರ ಸ್ವಿಂಗ್ ಕೆಟ್ಟೈತಿ ಅಂದ್ರ ಮರುದಿನ ಗಾಳಿ ಏಳೂಕಿಂತ ಮೊದಲ, ಆರೂವರಿಗೆ, ಅವರನ್ನ ಮತ್ತ ಕರೀರಿ.