ಟೆಲ್ನೆಟ್‌ನಿಂದ (ದೂರದ ಸರ್ವರ್‌ಗೆ ಸೇರಿ ಅಕ್ಷರಗಳಲ್ಲಿ ಮಾತಾಡುವ ಹಳೆಯ ಪ್ರೋಗ್ರಾಂ) ಬಂದವರ ಮೊದಲ ಸಾಲಿನಲ್ಲಿ ಕಸದಂಥ ಅಕ್ಷರಗಳು ಯಾಕೆ? ಚಾಟ್ ಸರ್ವರ್‌ನಲ್ಲಿ ಏನು ಮಾಡಬೇಕು?
ಅವು ಯಾರೂ ಟೈಪ್ ಮಾಡಿದ್ದಲ್ಲ. ಟೆಲ್ನೆಟ್ ಪ್ರೋಗ್ರಾಂ ತಾನಾಗಿ ಕಳಿಸುವ ಕಂಟ್ರೋಲ್ ಕೋಡ್‌ಗಳು. ಸೋಸಿ ತೆಗೆದು, ಉಳಿದದ್ದನ್ನು ಮಾತ್ರ ಚಾಟ್‌ಗೆ ಬಿಡಿ.

ಗುರುತು ಸುಲಭ: 255 ಎಂಬ ಬೈಟ್ ಬಂದರೆ ಮುಂದಿನದು ಮಾತಲ್ಲ, ಆಜ್ಞೆ. ಅದು 251ರಿಂದ 254ರೊಳಗಿದ್ದರೆ ಇನ್ನೊಂದು ಬೈಟ್ ಸೇರಿಸಿ ಮೂರನ್ನೂ ಬಿಸಾಕಿ. 250 ಆದರೆ, 255 ಮತ್ತು 240 ಜೋಡಿಯಾಗಿ ಬರುವವರೆಗೆ, ಆ ಜೋಡಿಯೂ ಸೇರಿ, ಎಲ್ಲ ಬಿಸಾಕಿ. ಮಿಕ್ಕ ಆಜ್ಞೆಗಳು ಎರಡೇ ಬೈಟ್. 255 ಎರಡು ಸಲ ಒಟ್ಟಿಗೆ ಬಂದರೆ ಮಾತ್ರ ಅದು ನಿಜವಾದ ಒಂದು 255.

ಜಾಸ್ತಿ ಜನ ಎಡವುವುದು ಇಲ್ಲಿ: ಮೂರೂ ಬೈಟ್ ಒಂದೇ ಸಲ ಕೈಗೆ ಸಿಗುತ್ತವೆ ಅನ್ನುವ ಖಾತರಿ ಟಿಸಿಪಿಯಲ್ಲಿ (ನೆಟ್‌ನಲ್ಲಿ ಬೈಟ್‌ಗಳನ್ನು ಸಾಗಿಸುವ ವಿಧಾನ) ಇಲ್ಲ. ದಾವಣಗೆರೆಯ ಕಾಲೇಜ್ ಲ್ಯಾಬ್‌ನಲ್ಲಿ ಸಲೀಸಾಗಿ ಓಡಿದ ನನ್ನ ಕೋಡ್, ಮನೆಯ ಮೊಬೈಲ್ ನೆಟ್‌ನಲ್ಲಿ ಮುಗ್ಗರಿಸಿತ್ತು. ಹಾಗಾಗಿ ಆಜ್ಞೆಯ ನಡುವೆ ಎಲ್ಲಿಗೆ ನಿಂತಿದ್ದೀರಿ ಅನ್ನುವುದನ್ನು ಪ್ರತಿ ಕನೆಕ್ಷನ್‌ಗೂ ಬೇರೆ ಬೇರೆ ನೆನಪಿಟ್ಟುಕೊಳ್ಳಿ.