ಅಮೆರಿಕದಲ್ಲಿ ಇನ್ಶೂರೆನ್ಸ್ ಏಜೆಂಟರಿಗೆ ಪ್ರತಿ ರಾಜ್ಯಕ್ಕೂ ಬೇರೆ ಲೈಸೆನ್ಸ್ ಯಾಕೆ ಬೇಕು?

ಯಾಕೆಂದರೆ ಅಲ್ಲಿ ವಿಮೆ ನೋಡಿಕೊಳ್ಳುವುದು ಮುಖ್ಯವಾಗಿ ರಾಜ್ಯಗಳ ಕೆಲಸ, ಕೇಂದ್ರದ್ದಲ್ಲ. ನಮ್ಮಲ್ಲಿ ಇಡೀ ದೇಶಕ್ಕೆ ಐಆರ್‌ಡಿಎಐ ಎಂಬ ವಿಮಾ ನಿಯಂತ್ರಣ ಸಂಸ್ಥೆ ಒಂದೇ ಇದೆ. ಅಲ್ಲಿ ಒಂದೊಂದು ರಾಜ್ಯಕ್ಕೂ ಅದರದೇ ವಿಮಾ ಇಲಾಖೆ.

ಇದರ ಬೇರು ಹಳೆಯದು. ವರ್ಜೀನಿಯಾದಲ್ಲಿ ಸ್ಯಾಮ್ಯುಯಲ್ ಪಾಲ್ ಎಂಬ ಏಜೆಂಟ್ ನ್ಯೂಯಾರ್ಕ್ ಕಂಪನಿಗಳ ಪಾಲಿಸಿ ಮಾರುತ್ತಿದ್ದ. ಕಂಪನಿಗಳು ರಾಜ್ಯದಲ್ಲಿ ಠೇವಣಿ ಇಟ್ಟಿಲ್ಲ ಎಂದು ಅವನಿಗೆ ಲೈಸೆನ್ಸ್ ಸಿಗಲಿಲ್ಲ. ಆದರೂ ಮಾರಿದ, 50 ಡಾಲರ್ ದಂಡ ಬಿತ್ತು. 1869ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಪರವಾಗಿ ನಿಂತಿತು: ವಿಮೆ ಅಂತರರಾಜ್ಯ ವ್ಯಾಪಾರವೇ ಅಲ್ಲ, ಹಾಗಾಗಿ ಕೇಂದ್ರದ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. 1944ರಲ್ಲಿ ಅದೇ ಕೋರ್ಟ್ ಈ ಮಾತನ್ನು ತಿರುವಿ ಹಾಕಿತು. ಮರುವರ್ಷವೇ ಅಮೆರಿಕದ ಸಂಸತ್ತು ಕಾನೂನು ಮಾಡಿ ಅಧಿಕಾರವನ್ನು ರಾಜ್ಯಗಳ ಕೈಯಲ್ಲೇ ಉಳಿಸಿತು.

ಇದರಲ್ಲಿ ಅರ್ಥವೂ ಇದೆ. ಫ್ಲಾರಿಡಾದವರಿಗೆ ಚಂಡಮಾರುತದ ಭಯ, ಕ್ಯಾಲಿಫೋರ್ನಿಯಾದವರಿಗೆ ಭೂಕಂಪದ್ದು. ಕಾರಿನ ವಿಮೆಯ ನಿಯಮವೂ ರಾಜ್ಯಕ್ಕೊಂದು ಥರ. ಗೊತ್ತಿಲ್ಲದವರು ಸುಮ್ನೆ ಪಾಲಿಸಿ ಮಾರಿದರೆ ಪೆಟ್ಟು ಬೀಳುವುದು ಗ್ರಾಹಕರಿಗೆ ಅಲ್ವಾ?

ಹಾಗಂತ 50 ಸಲ ಪರೀಕ್ಷೆ ಬರೆಯಬೇಕಿಲ್ಲ. ತಾವಿರುವ ರಾಜ್ಯದಲ್ಲಿ ಪಾಸಾದರೆ, ಉಳಿದ ಕಡೆ ಸಾಮಾನ್ಯವಾಗಿ ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಸಾಕು. ಆದರೆ ಲೆಕ್ಕಕ್ಕೆ ಬರುವುದು ಏಜೆಂಟರ ಆಫೀಸ್ ಮಾತ್ರವಲ್ಲ, ಗ್ರಾಹಕರು ಎಲ್ಲಿದ್ದಾರೆ ಎನ್ನುವುದೂ. ನೀವು ಟೆಕ್ಸಾಸ್‌ಗೆ ಮನೆ ಬದಲಿಸುತ್ತಿದ್ದರೆ, ನಿಮ್ಮ ನ್ಯೂಜೆರ್ಸಿ ಏಜೆಂಟರಿಗೆ ಅಲ್ಲಿನ ಲೈಸೆನ್ಸ್ ಇದೆಯಾ ಎಂದು ಮೊದಲೇ ಕೇಳಿ. ಟೆಕ್ಸಾಸ್ ವಿಮಾ ಇಲಾಖೆಯ ವೆಬ್‌ಸೈಟಿನಲ್ಲಿ ಅವರ ಹೆಸರು ಹಾಕಿ ನೀವೇ ನೋಡಲೂಬಹುದು.